ವಾದಪತ್ರದ ತಿದ್ದುಪಡಿ: ಮಿತಾಕ್ಷರೆಯ ಪಾಂಡುಲೇಖವೂ ಇಂದಿನ ಪರಂತುಕವೂ — ಒಂದು ವಿಮರ್ಶೆ

ನ್ಯಾಯಾಲಯದಲ್ಲಿ ಒಮ್ಮೆ ಬರೆದುಕೊಟ್ಟ ಮಾತನ್ನು ವಾದಿಯು ಮುಂದೆ ತಿದ್ದಿಕೊಳ್ಳಬಹುದೆ, ತಿದ್ದಿಕೊಳ್ಳಬಹುದಾದರೆ ಎಂದಿನವರೆಗೆ, ಯಾರ ಅನುಜ್ಞೆಯಿಂದ, ಏನು ದಂಡ ತೆತ್ತು ಎಂಬ ಪ್ರಶ್ನೆಯು ಮೇಲುನೋಟಕ್ಕೆ ವಕೀಲರ ಕೊಠಡಿಗೆ ಮಾತ್ರ ಸಂಬಂಧಪಟ್ಟಂತೆ ತೋರುತ್ತದೆ. ಇತಿಹಾಸದ ಅಧ್ಯಾಪಕನೊಬ್ಬನು ಇದನ್ನು ಕೈಗೆತ್ತಿಕೊಂಡಿರುವುದನ್ನು ಕಂಡು ಕೆಲವು ವಾಚಕರು ಹುಬ್ಬೇರಿಸಬಹುದು. ಆದರೆ ನಮ್ಮ ವಿದ್ಯಾರ್ಥಿಗಳು ಗ್ರಾಮಚರಿತ್ರೆಯನ್ನೋ ಭೂಹಿಡುವಳಿಯ ಚರಿತ್ರೆಯನ್ನೋ ಬರೆಯಲು ಹೊರಟಾಗ ಅವರ ಕೈಗೆ ಮೊದಲು ಸಿಗುವ ಆಧಾರಗಳಲ್ಲಿ ಹಳೆಯ ದಾವೆಗಳ ಕಡತಗಳೂ ಸೇರಿವೆ; ಆ ಕಡತಗಳಲ್ಲಿ ಮೊದಲು ಬರೆದುದಾವುದು, ಆಮೇಲೆ ತಿದ್ದಿದುದಾವುದು, ಏಕೆ ತಿದ್ದಿದರು ಎಂಬುದನ್ನು ಅರಿಯದೆ ಓದಿದವನು ತಪ್ಪು ಓದುತ್ತಾನೆ. ಇದು ಒಂದು ಕಾರಣ. ಇನ್ನೊಂದು ಕಾರಣವು ನನ್ನ ಮನೆಗೆ ಸಮೀಪದ್ದು. ಅದನ್ನು ಮುಂದೆ ಹೇಳುತ್ತೇನೆ.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ವಾದಪತ್ರವನ್ನು ಉದಾರವಾಗಿ ತಿದ್ದಗೊಡುವ ಪದ್ಧತಿಯು ಆಂಗ್ಲ ನ್ಯಾಯದ ಕೊಡುಗೆ, ನಮ್ಮ ಪ್ರಾಚೀನ ವ್ಯವಹಾರಪದ್ಧತಿಯಲ್ಲಿ ಅಂಥದೇನೂ ಇರಲಿಲ್ಲ ಎಂಬುದು ಮೊದಲನೆಯದು. ಆರನೆಯ ಆದೇಶದ ಹದಿನೇಳನೆಯ ನಿಯಮದಲ್ಲಿ ಇರುವುದೆಲ್ಲವೂ ಸ್ಮೃತಿಕಾರರಿಗೆ ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು ಎಂಬುದು ಎರಡನೆಯದು. ಮೊದಲನೆಯದನ್ನು ಕಾನೂನಿನ ಪದವೀಧರರಿಂದಲೂ ಎರಡನೆಯದನ್ನು ಸಭೆಗಳ ಭಾಷಣಕಾರರಿಂದಲೂ ನಾನು ಕೇಳಿದ್ದೇನೆ. ಎರಡೂ ಮೂಲಗ್ರಂಥವನ್ನು ತೆರೆಯದೆ ಆಡಿದ ಮಾತುಗಳು ಎಂಬುದು ನನ್ನ ಅಭಿಪ್ರಾಯ.

ಮೂಲಗ್ರಂಥವೆಂದರೆ ಇಲ್ಲಿ ಮುಖ್ಯವಾಗಿ ವಿಜ್ಞಾನೇಶ್ವರನ ಮಿತಾಕ್ಷರೆ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಣ ಈ ವ್ಯಾಖ್ಯಾನವು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ೧೦೭೬ರಿಂದ ೧೧೨೬ರವರೆಗಿನ ಐವತ್ತು ವರ್ಷಗಳ ಅವಧಿಯಲ್ಲಿ, ನಮ್ಮ ನಾಡಿನಲ್ಲೇ ಹುಟ್ಟಿದುದು. ಹಿಂದೂ ದಾಯಭಾಗದ ಗ್ರಂಥವೆಂದು ಇದನ್ನು ಎಲ್ಲರೂ ಬಲ್ಲರು. ಹಾಗೆ ಬಲ್ಲುದಕ್ಕೂ ಒಂದು ಚರಿತ್ರೆಯಿದೆ. ೧೮೧೦ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ಅನುವಾದಿಸಿ ಅಚ್ಚು ಹಾಕಿಸಿದುದು ದಾಯಭಾಗದ ಪ್ರಕರಣವೊಂದನ್ನೇ. ಮುಂದೆ ಮ್ಯಾಕ್ನಾಟನ್ನನು ವ್ಯವಹಾರಕ್ರಮದ ಭಾಗವನ್ನೂ ಅನುವಾದಿಸಿದನಾದರೂ ಕಂಪನಿಯ ನ್ಯಾಯಾಧೀಶರಿಗೆ ಅದರಿಂದ ಪ್ರಯೋಜನವಿರಲಿಲ್ಲ; ಆಸ್ತಿ ಯಾರಿಗೆ ಸಲ್ಲಬೇಕೆಂಬುದನ್ನು ಶಾಸ್ತ್ರದಿಂದ ತಿಳಿದು, ದಾವೆ ಹೇಗೆ ನಡೆಯಬೇಕೆಂಬುದನ್ನು ಅವರು ತಮ್ಮ ದೇಶದ ಪದ್ಧತಿಯಿಂದ ನಿರ್ಧರಿಸುತ್ತಿದ್ದರು. ಹೀಗೆ ಮಿತಾಕ್ಷರೆಯ ಒಂದು ಅಂಗವು ನ್ಯಾಯಾಲಯದಲ್ಲಿ ಉಳಿದು, ಇನ್ನೊಂದು ಅಂಗವು ಪಂಡಿತರ ಕಪಾಟಿಗೆ ಸೇರಿತು. ಪಾಂಡುರಂಗ ವಾಮನ ಕಾಣೆಯವರು ತಮ್ಮ ಧರ್ಮಶಾಸ್ತ್ರ ಚರಿತ್ರೆಯ ಮೂರನೆಯ ಸಂಪುಟದಲ್ಲಿ ವ್ಯವಹಾರಪ್ರಕರಣವನ್ನು ಸವಿಸ್ತಾರವಾಗಿ ವಿವೇಚಿಸಿರುವರು. ಆದರೂ ನಮ್ಮ ಕಾಲೇಜುಗಳಲ್ಲಿ ಆ ಭಾಗವನ್ನು ಓದಿಸುವವರು ವಿರಳ.

ಆ ಭಾಗದಲ್ಲಿ ವಾದಪತ್ರಕ್ಕೆ ಭಾಷೆ, ಪ್ರತಿಜ್ಞೆ, ಪಕ್ಷ ಎಂಬ ಹೆಸರುಗಳಿವೆ. ಅರ್ಥಿಯು ಮೊದಲು ಬಂದು ಹೇಳಿದುದನ್ನು ಹೇಳಿದಂತೆಯೇ ಪ್ರತ್ಯರ್ಥಿಯ ಸಮ್ಮುಖದಲ್ಲಿ ಬರೆಯಬೇಕು. ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮುಂತಾದುವನ್ನು ಸೇರಿಸಬೇಕು. ಭೂಮಿಯ ವ್ಯಾಜ್ಯವಾದರೆ ಸ್ಥಳವನ್ನೂ ಎಲ್ಲೆಯನ್ನೂ ಹೇಳಬೇಕು. ನಿಲ್ಲಲಾರದ ಪಕ್ಷಕ್ಕೆ ಪಕ್ಷಾಭಾಸವೆಂದು ಹೆಸರು. ಅದಕ್ಕೆ ವಿಜ್ಞಾನೇಶ್ವರನು ಕೊಡುವ ಉದಾಹರಣೆಗಳು ಇಂದಿಗೂ ನಗು ತರಿಸುತ್ತವೆ: ನನ್ನ ಮೊಲದ ಕೊಂಬನ್ನು ತೆಗೆದುಕೊಂಡು ಹಿಂದಕ್ಕೆ ಕೊಡುತ್ತಿಲ್ಲ ಎಂಬ ದೂರು, ನನ್ನ ಮನೆಯ ದೀಪದ ಬೆಳಕಿನಲ್ಲಿ ಇವನು ತನ್ನ ಮನೆಯ ಕೆಲಸ ಮಾಡಿಕೊಳ್ಳುತ್ತಾನೆ ಎಂಬ ದೂರು, ಮೂಗನೊಬ್ಬನು ನನ್ನನ್ನು ಬೈದನೆಂಬ ದೂರು. ತರಗತಿಯಲ್ಲಿ ಇವನ್ನು ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ. ಆಮೇಲೆ, ವಾದಪತ್ರದಲ್ಲಿ ದಾವೆಯ ಕಾರಣವೇ ಕಾಣದಿದ್ದರೆ ಅದನ್ನು ತಿರಸ್ಕರಿಸಬೇಕೆಂಬ ಇಂದಿನ ಸಂಹಿತೆಯ ಏಳನೆಯ ಆದೇಶದ ಹನ್ನೊಂದನೆಯ ನಿಯಮವನ್ನು ಓದಿ ಹೇಳಿದಾಗ ನಗು ನಿಲ್ಲುತ್ತದೆ.

ನಮ್ಮ ಪ್ರಕೃತಕ್ಕೆ ಬೇಕಾದುದು ಇದರ ಮುಂದಿನ ಮಾತು. ಕಾತ್ಯಾಯನನನ್ನು ಅನುಸರಿಸಿ ವಿಜ್ಞಾನೇಶ್ವರನು ಹೇಳುವಂತೆ, ಅರ್ಥಿಯ ಮಾತನ್ನು ಮೊದಲು ಹಲಗೆಯ ಮೇಲೆ ಬಳಪದಿಂದ ಬರೆಯಬೇಕು. ಇದೇ ಪಾಂಡುಲೇಖ. ಅದನ್ನು ಓದಿ, ಕೇಳಿ, ಹೆಚ್ಚಾದುದನ್ನು ಅಳಿಸಿ, ಕಡಮೆಯಾದುದನ್ನು ತುಂಬಿ, ಶೋಧಿಸಿದ ಮೇಲೆಯೇ ಪತ್ರಕ್ಕೆ ಏರಿಸಬೇಕು. ಈ ಶೋಧನಕ್ಕೆ ಗಡುವು ಉಂಟು: ಪ್ರತ್ಯರ್ಥಿಯ ಉತ್ತರವು ಬರುವವರೆಗೆ ಮಾತ್ರ. ಉತ್ತರ ಬಂದ ಮೇಲೆ ಶೋಧನವು ನಿಂತುಹೋಗುತ್ತದೆ. ನಾರದನದೂ ಇದೇ ಮತ. ಅದಾದ ಬಳಿಕ ಮಾತು ಬದಲಿಸುವವನಿಗೆ ಅನ್ಯವಾದಿ ಎಂಬ ಹೆಸರು. ಸೋಲುವ ಐದು ಬಗೆಯ ಹೀನವಾದಿಗಳಲ್ಲಿ ಅವನು ಒಬ್ಬ. ಕೌಟಿಲ್ಯನೂ ಒಂದು ವಾದವನ್ನು ಬಿಟ್ಟು ಇನ್ನೊಂದಕ್ಕೆ ಹಾರುವುದನ್ನು ದೋಷವೆಂದೇ ಎಣಿಸಿದ್ದಾನೆ.

ಇಷ್ಟಕ್ಕೇ ನಿಂತವರು ಪ್ರಾಚೀನ ಪದ್ಧತಿಯು ಕಠೋರವಾಗಿತ್ತೆಂದು ತೀರ್ಮಾನಿಸುತ್ತಾರೆ. ಆದರೆ ಗ್ರಂಥದಲ್ಲಿ ಇನ್ನೂ ಎರಡು ಮಾತುಗಳಿವೆ. ಧನ, ಭೂಮಿ, ಪಶು, ಸಾಲ ಮುಂತಾದ ಅರ್ಥವ್ಯವಹಾರಗಳಲ್ಲಿ ಮಾತು ತಪ್ಪಿದವನಿಗೆ ದಂಡವಾಗಬಹುದು, ಆದರೆ ಅವನು ಮೂಲದ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಬೈಗುಳ ಬಡಿದಾಟಗಳಂಥ, ಕೋಪದಿಂದ ಹುಟ್ಟಿದ ವ್ಯಾಜ್ಯಗಳಲ್ಲಿ ಮಾತ್ರ ಹಕ್ಕೂ ಹೋಗುತ್ತದೆ. ಎಂದರೆ, ಹೊಲದ ದಾವೆಯಲ್ಲಿ ತಪ್ಪು ಬರೆದವನು ದಂಡ ತೆರಬೇಕು, ಹೊಲವನ್ನಲ್ಲ. ಇದು ಒಂದು. ಎರಡನೆಯದು ಇನ್ನೂ ಮುಖ್ಯ. ಪೂರ್ವಪಕ್ಷವನ್ನು ಶೋಧಿಸದೆ ಸಭ್ಯರು ಅವಸರದಿಂದ ಉತ್ತರವನ್ನು ಕೊಡಿಸಿದರೆ, ರಾಜನು ಆ ಸಭ್ಯರನ್ನೇ ದಂಡಿಸಿ, ವ್ಯವಹಾರವನ್ನು ಪ್ರತಿಜ್ಞೆಯಿಂದ ಮರಳಿ ಆರಂಭಿಸಬೇಕೆಂದು ವಿಜ್ಞಾನೇಶ್ವರನು ಸ್ಪಷ್ಟವಾಗಿ ಹೇಳುತ್ತಾನೆ. ವಾದಪತ್ರದ ತಪ್ಪಿಗೆ ಮೊದಲ ಹೊಣೆ ನ್ಯಾಯಸಭೆಯದು. ಅರ್ಥಿಯು ಹೇಳುವವನು, ಬರೆಯಿಸಿ ತಿದ್ದಿಸುವವನು ಪ್ರಾಡ್ವಿವಾಕನು.

ಇದನ್ನು ಓದಿದ ಮೇಲೆ ಮೊದಲನೆಯ ಅಭಿಪ್ರಾಯವು ನಿಲ್ಲುವುದಿಲ್ಲ. ಆದರೆ ಎರಡನೆಯದೂ ನಿಲ್ಲುವುದಿಲ್ಲ ಎಂಬುದನ್ನು ಅಷ್ಟೇ ಖಚಿತವಾಗಿ ಹೇಳಬೇಕು. ಮಿತಾಕ್ಷರೆಯ ಗಡುವು ಉತ್ತರಪತ್ರ. ೧೯೦೮ರ ಸಂಹಿತೆಯಲ್ಲಿ ಬಂದ ನಿಯಮವು ದಾವೆಯ ಯಾವ ಘಟ್ಟದಲ್ಲಾದರೂ ತಿದ್ದುಪಡಿಗೆ ಅನುಜ್ಞೆ ಕೊಡಬಹುದೆಂದು ಹೇಳಿತು. ಇವೆರಡೂ ಒಂದೇ ಅಲ್ಲ. ಮೇಲಾಗಿ, ವಾಯಿದೆ ಕಾನೂನು, ನೋಂದಣಿ, ಸರ್ವೆ ನಂಬರು ಇವು ಯಾವುವೂ ಇಲ್ಲದ ಕಾಲದ ಗ್ರಂಥವನ್ನು ತಂದು ಇಂದಿನ ನಿಯಮದ ಪಕ್ಕದಲ್ಲಿ ನಿಲ್ಲಿಸಿ ಇದೇ ಅದು ಎನ್ನುವುದು ಇತಿಹಾಸವಾಗುವುದಿಲ್ಲ. ವಿಜ್ಞಾನೇಶ್ವರನ ಮಾತುಗಳು ಚಾಲುಕ್ಯರ ಧರ್ಮಾಧಿಕರಣಗಳಲ್ಲಿ ಎಷ್ಟರಮಟ್ಟಿಗೆ ಆಚರಣೆಯಲ್ಲಿದ್ದುವೆಂಬುದನ್ನು ಶಾಸನಗಳಿಂದ ಸ್ಥಾಪಿಸುವುದೂ ಸುಲಭವಲ್ಲ. ಶಾಸನಗಳು ನಮಗೆ ತೀರ್ಪನ್ನು ಹೇಳುತ್ತವೆ, ವಾದಪತ್ರವನ್ನಲ್ಲ. ನಮ್ಮ ಜಿಲ್ಲೆಯ ತೀರ್ಥಹಳ್ಳಿ ಸೀಮೆಯ ಹದಿನಾಲ್ಕನೆಯ ಶತಮಾನದ ಶಾಸನವೊಂದರಲ್ಲಿ, ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಎಲ್ಲೆಯ ವಿಷಯದಲ್ಲಿ ಬಸದಿಯವರಿಗೂ ನಾಡಿನವರಿಗೂ ಹುಟ್ಟಿದ ವಿವಾದವನ್ನು ಆರಗದ ಚಾವಡಿಯಲ್ಲಿ ಮಹಾಪ್ರಧಾನ ನಾಗಣ್ಣ ಮೊದಲಾದವರು ಸೇರಿಸಿ ಬಗೆಹರಿಸಿದ ಸಂಗತಿಯಿದೆ. ಎಲ್ಲೆಯು ಕಲ್ಲಿನ ಮೇಲೆ ಉಳಿದಿದೆ. ಎರಡು ಪಕ್ಷದವರೂ ಮೊದಲು ಯಾವ ಎಲ್ಲೆಯನ್ನು ಹೇಳಿದ್ದರು, ಚಾವಡಿಯಲ್ಲಿ ಮಾತು ಎಲ್ಲಿ ಬದಲಾಯಿತು ಎಂಬುದೆಲ್ಲ ಬಳಪದ ಬರಹದೊಡನೆ ಅಳಿಸಿಹೋಯಿತು.

ಇನ್ನು ಆಂಗ್ಲ ಪದ್ಧತಿಯ ಕಡೆಗೆ ತಿರುಗೋಣ. ಅಲ್ಲಿಯೂ ಔದಾರ್ಯವು ಹುಟ್ಟಿನಿಂದ ಬಂದುದಲ್ಲ. ೧೮೭೩ ಮತ್ತು ೧೮೭೫ರ ನ್ಯಾಯಾಂಗ ಕಾಯಿದೆಗಳಿಗೆ ಮುಂಚೆ ಇಂಗ್ಲೆಂಡಿನಲ್ಲಿ ವಾದಪತ್ರದ ಒಂದು ಪದ ತಪ್ಪಿದರೆ ದಾವೆಯೇ ಮುರಿದುಬೀಳುತ್ತಿದ್ದ ಉದಾಹರಣೆಗಳು ಬೇಕಾದಷ್ಟಿವೆ. ಆ ಕಾಯಿದೆಗಳಾದ ಮೇಲೆ, ೧೮೭೮ರಲ್ಲಿ ಬ್ರಾಮ್‌ವೆಲ್ಲನೂ ೧೮೮೪ರಲ್ಲಿ ಬೋವೆನ್ನನೂ, ನ್ಯಾಯಾಲಯಗಳಿರುವುದು ಹಕ್ಕುಗಳನ್ನು ನಿರ್ಣಯಿಸಲಿಕ್ಕೇ ಹೊರತು ಪಕ್ಷಗಾರರ ತಪ್ಪುಗಳಿಗೆ ಶಿಕ್ಷೆ ಕೊಡಲಿಕ್ಕಲ್ಲ, ಎದುರು ಪಕ್ಷದ ನಷ್ಟವನ್ನು ಖರ್ಚು ಕೊಡಿಸಿ ತುಂಬಬಹುದಾದರೆ ತಿದ್ದುಪಡಿಗೆ ಅಡ್ಡಿ ಬರಬಾರದು ಎಂಬ ತತ್ತ್ವವನ್ನು ನೆಲೆಗೊಳಿಸಿದರು. ಭಾರತದ ೧೮೮೨ರ ಸಂಹಿತೆಯಲ್ಲಿ ಇಷ್ಟು ಔದಾರ್ಯವಿರಲಿಲ್ಲ. ಒಂದು ಸ್ವರೂಪದ ದಾವೆಯನ್ನು ಅದಕ್ಕೆ ವಿರುದ್ಧವಾದ ಇನ್ನೊಂದು ಸ್ವರೂಪದ ದಾವೆಯಾಗಿ ಮಾರ್ಪಡಿಸಕೂಡದೆಂಬ ಕಟ್ಟು ಅದರ ೫೩ನೆಯ ಪ್ರಕರಣದಲ್ಲಿತ್ತು. ೧೯೦೮ರಲ್ಲಿ ಆ ಕಟ್ಟು ಅಕ್ಷರರೂಪದಲ್ಲಿ ಹೋಯಿತು, ನ್ಯಾಯಾಧೀಶರ ಮನಸ್ಸಿನಲ್ಲಿ ಉಳಿಯಿತು.

ಮರುವರ್ಷವೇ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಕಿಸನದಾಸ ರೂಪಚಂದ ಮತ್ತು ರಾಚಪ್ಪ ವಿಠೋಬ ಎಂಬ ಪ್ರಸಿದ್ಧ ಮೊಕದ್ದಮೆ ಬಂದಿತು. ವಾದಿಯು ಪಾಲುಗಾರಿಕೆಯ ಒಪ್ಪಂದದಂತೆ ಪ್ರತಿವಾದಿಗಳಿಗೆ ೪,೦೦೧ ರೂಪಾಯಿನ ಬಟ್ಟೆಯನ್ನು ಕೊಟ್ಟೆನೆಂದು ಹೇಳಿ, ಪಾಲುಗಾರಿಕೆಯ ವಿಸರ್ಜನೆಯನ್ನೂ ಲೆಕ್ಕವನ್ನೂ ಕೇಳಿದನು. ಕೆಳಗಿನ ನ್ಯಾಯಾಲಯವು ಬಟ್ಟೆ ಕೊಟ್ಟುದು ನಿಜ, ಪಾಲುಗಾರಿಕೆ ಸುಳ್ಳು ಎಂದಿತು. ಅಪೀಲಿನಲ್ಲಿ ವಾದಿಯು ಪಾಲುಗಾರಿಕೆಯ ಮಾತನ್ನು ಬಿಟ್ಟು ಹಣವನ್ನಾದರೂ ಕೊಡಿಸಿರೆಂದು ತಿದ್ದುಪಡಿ ಬೇಡಿದನು. ಅಷ್ಟರಲ್ಲಿ ಹಣದ ದಾವೆಗೆ ವಾಯಿದೆ ಕಳೆದುಹೋಗಿತ್ತು. ಆದರೂ ತಿದ್ದುಪಡಿಯು ನ್ಯಾಯವಾದುದೆಂದು ತೀರ್ಮಾನವಾಯಿತು. ಎದುರು ಪಕ್ಷಕ್ಕೆ ಅನ್ಯಾಯವಾಗಬಾರದು, ನಿಜವಾದ ವಿವಾದದ ನಿರ್ಣಯಕ್ಕೆ ತಿದ್ದುಪಡಿ ಅಗತ್ಯವಾಗಿರಬೇಕು ಎಂದು ನ್ಯಾಯಮೂರ್ತಿ ಬ್ಯಾಚೆಲರ್ ಇಟ್ಟ ಎರಡು ಷರತ್ತುಗಳನ್ನು ೧೯೫೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪಿರ್‌ಗೊಂಡ ಹೊನ್‌ಗೊಂಡ ಪಾಟೀಲರ ಮೊಕದ್ದಮೆಯಲ್ಲಿ ಅಂಗೀಕರಿಸಿತು. ಹಕ್ಕು ಉಳಿಯಲಿ, ದಂಡ ತೆರಲಿ ಎಂಬ ವಿಜ್ಞಾನೇಶ್ವರನ ಭೇದವೂ ಖರ್ಚು ಕೊಡಿಸಿ ತಿದ್ದಗೊಡು ಎಂಬ ಬೋವೆನ್ನನ ಭೇದವೂ ಇಲ್ಲಿ ಸಮೀಪಕ್ಕೆ ಬರುತ್ತವೆ. ಒಂದರಿಂದ ಒಂದು ಹುಟ್ಟಿತೆಂದು ಹೇಳುವ ಧೈರ್ಯ ನನಗಿಲ್ಲ. ಹೊಲದ ವ್ಯಾಜ್ಯಗಳನ್ನು ಬಹುಕಾಲ ಕೇಳಿದವರು ಯಾವ ದೇಶದಲ್ಲಿದ್ದರೂ ಇಂಥ ತಿಳಿವಳಿಕೆಗೆ ಬರುತ್ತಾರೆಂದು ಮಾತ್ರ ತೋರುತ್ತದೆ.

ಮೈಸೂರು ಸಂಸ್ಥಾನದ ಚರಿತ್ರೆ ಸ್ವಲ್ಪ ಬೇರೆ. ಕಮಿಷನರರ ಆಡಳಿತದಲ್ಲಿ ನಗರ ವಿಭಾಗಕ್ಕೆ ಸೇರಿದ್ದ ನಮ್ಮ ಸೀಮೆಯಲ್ಲಿ ಸಣ್ಣ ಸಿವಿಲ್ ದಾವೆಗಳನ್ನು ಅಮಲ್ದಾರನೇ ಕೇಳುತ್ತಿದ್ದನು. ಕಂದಾಯ ವಸೂಲು ಮಾಡುವವನೂ ನ್ಯಾಯ ಹೇಳುವವನೂ ಒಬ್ಬನೇ. ೧೮೮೪ರಲ್ಲಿ ಮುಖ್ಯ ನ್ಯಾಯಾಲಯವು ಸ್ಥಾಪಿತವಾಯಿತು. ಸಂಸ್ಥಾನಕ್ಕೆ ತನ್ನದೇ ಆದ ಸಿವಿಲ್ ಪ್ರಕ್ರಿಯಾ ಸಂಹಿತೆಯು ೧೯೧೧ರಲ್ಲಿ ಬಂದಿತು. ೧೯೫೧ರ ಏಪ್ರಿಲಿನಿಂದ ಭಾರತದ ಸಂಹಿತೆಯೇ ಇಲ್ಲಿಗೂ ಅನ್ವಯಿಸಿತು.

ಭದ್ರಾವತಿಯ ಉದಾಹರಣೆಯೊಂದನ್ನು ಇಲ್ಲಿ ಹೇಳಬಹುದು. ೧೯೧೮ರಲ್ಲಿ ಆರಂಭವಾಗಿ ೧೯೨೩ರಲ್ಲಿ ಕಬ್ಬಿಣ ಕರಗಿಸಿದ ಕಾರ್ಖಾನೆಯು ಮೊದಲು ಸಂಸ್ಥಾನದ ಸರ್ಕಾರದ ಒಂದು ಅಂಗ. ೧೯೬೨ರಲ್ಲಿ ಅದು ಕಂಪನಿಯಾಯಿತು. ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ತಳೆಯಿತು. ೧೯೮೯ರಲ್ಲಿ ಭಾರತ ಉಕ್ಕು ಪ್ರಾಧಿಕಾರದ ಅಧೀನ ಕಂಪನಿಯಾಗಿ ೧೯೯೮ರಲ್ಲಿ ಅದರಲ್ಲಿಯೇ ಲೀನವಾಯಿತು. ಈ ನಡುವೆ ರಾಜ್ಯದ ಹೆಸರು ೧೯೭೩ರಲ್ಲಿ ಮೈಸೂರಿನಿಂದ ಕರ್ನಾಟಕವಾಯಿತು. ೨೦೧೪ರಲ್ಲಿ ಇಂಗ್ಲಿಷ್ ಬರಹದ ಷಿಮೊಗವು ಶಿವಮೊಗ್ಗವಾಯಿತು. ೧೯೬೧ರಲ್ಲಿ ಅಂಥ ಕಾರ್ಖಾನೆಯ ಮೇಲೆ ದಾವೆ ಹೂಡಿದವನೊಬ್ಬನನ್ನು ಊಹಿಸಿಕೊಳ್ಳಿರಿ. ದಾವೆಯು ಅಪೀಲುಗಳ ಮೂಲಕ ಸಾಗುವಷ್ಟರಲ್ಲಿ ಪ್ರತಿವಾದಿಯ ಹೆಸರು ಮಾತ್ರವಲ್ಲ, ವ್ಯಕ್ತಿತ್ವವೇ ಬದಲಾಗಿರುತ್ತದೆ. ಹೆಸರು ತಪ್ಪಾಗಿ ಬರೆದುದನ್ನು ತಿದ್ದುವುದು ಬೇರೆ. ಹಕ್ಕು ಹೊಣೆಗಳು ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಇಪ್ಪತ್ತೆರಡನೆಯ ಆದೇಶದಂತೆ ಪಕ್ಷಗಾರನನ್ನು ತರುವುದು ಬೇರೆ. ಹೊಸ ಪಕ್ಷಗಾರನನ್ನು ಸೇರಿಸುವುದು ಇನ್ನೂ ಬೇರೆ, ಏಕೆಂದರೆ ೧೯೬೩ರ ವಾಯಿದೆ ಕಾನೂನಿನ ೨೧ನೆಯ ಪ್ರಕರಣದಂತೆ ಅವನ ಮೇಲಣ ದಾವೆಯು, ಸದ್ಭಾವನೆಯ ತಪ್ಪಿನಿಂದ ಬಿಟ್ಟುಹೋದುದೆಂದು ನ್ಯಾಯಾಲಯವು ಒಪ್ಪದ ಹೊರತು, ಸೇರಿಸಿದ ದಿನವೇ ಹುಟ್ಟಿದಂತೆ. ಹೆಸರಿನ ತಪ್ಪಿಗಾಗಿ ನ್ಯಾಯವನ್ನು ನಿರಾಕರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ೧೯೬೯ರಲ್ಲಿ ಜಯಜಯರಾಮ ಮನೋಹರಲಾಲ್ ಎಂಬ ವ್ಯಾಪಾರದ ಹೆಸರಿನ ಮೊಕದ್ದಮೆಯಲ್ಲಿ ಹೇಳಿದೆ.

ಈಗ ವಿಮರ್ಶೆಯ ಮುಖ್ಯ ವಿಷಯಕ್ಕೆ ಬರುತ್ತೇನೆ. ದಾವೆಗಳ ವಿಳಂಬಕ್ಕೆ ತಿದ್ದುಪಡಿಯ ಅರ್ಜಿಗಳೂ ಕಾರಣವೆಂದು ಭಾವಿಸಿ ೧೯೯೯ರ ತಿದ್ದುಪಡಿ ಕಾಯಿದೆಯಲ್ಲಿ ಹದಿನೇಳನೆಯ ನಿಯಮವನ್ನೇ ತೆಗೆದುಹಾಕಲು ಸಂಸತ್ತು ನಿರ್ಧರಿಸಿತು. ವಕೀಲರಿಂದ ತೀವ್ರ ವಿರೋಧ ಬಂದಿತು. ೨೦೦೨ರ ಕಾಯಿದೆಯು ನಿಯಮವನ್ನು ಮರಳಿ ತಂದು ಅದಕ್ಕೆ ಒಂದು ಪರಂತುಕವನ್ನು ಅಂಟಿಸಿತು. ಆ ವರ್ಷದ ಜುಲೈ ೧ರಿಂದ ಅದು ಜಾರಿಯಲ್ಲಿದೆ. ವಿಚಾರಣೆ ಆರಂಭವಾದ ಮೇಲೆ, ತಕ್ಕ ಎಚ್ಚರವಿದ್ದರೂ ಪಕ್ಷಗಾರನು ಆ ವಿಷಯವನ್ನು ಮುಂಚೆಯೇ ಎತ್ತಲಾಗುತ್ತಿರಲಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾದ ಹೊರತು, ತಿದ್ದುಪಡಿಯ ಅರ್ಜಿಯನ್ನು ಒಪ್ಪಕೂಡದು ಎಂಬುದು ಅದರ ತಾತ್ಪರ್ಯ. ಆ ದಿನಾಂಕಕ್ಕೆ ಮುಂಚೆ ಸಲ್ಲಿಸಿದ ವಾದಪತ್ರಗಳಿಗೆ ಇದು ಅನ್ವಯಿಸುವುದಿಲ್ಲ. ಸೇಲಂ ವಕೀಲರ ಸಂಘದ ಮೊಕದ್ದಮೆಯಲ್ಲಿ ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಂತುಕವನ್ನು ಎತ್ತಿಹಿಡಿಯಿತು.

ಪರಂತುಕದ ಎರಡು ಪದಗಳು ಎಷ್ಟು ಕ್ಲೇಶಕ್ಕೆ ಕಾರಣವಾಗಿವೆಯೆಂಬುದನ್ನು ನೋಡಿರಿ. ವಿಚಾರಣೆಯ ಆರಂಭವೆಂದರೇನು? ವಿವಾದಾಂಶಗಳನ್ನು ರಚಿಸಿದ ದಿನವೆಂದು ೨೦೦೫ರ ಒಂದು ತೀರ್ಪಿನ ಧ್ವನಿ. ಅದನ್ನು ಸೀಮಿತಾರ್ಥದಲ್ಲಿ, ಕೊನೆಯ ಹಂತದ ವಿಚಾರಣೆಯೆಂಬಂತೆ ತಿಳಿಯಬೇಕೆಂದು ೨೦೦೬ರ ಇನ್ನೊಂದರ ಧ್ವನಿ. ಕರ್ನಾಟಕದಿಂದಲೇ ಹೋದ ವಿದ್ಯಾಬಾಯಿ ಮೊಕದ್ದಮೆಯಲ್ಲಿ, ೨೦೦೮ರ ಡಿಸೆಂಬರಿನಲ್ಲಿ, ಮುಖ್ಯ ವಿಚಾರಣೆಯ ಪ್ರಮಾಣಪತ್ರ ಸಲ್ಲಿಸಿದಾಗಲೇ ವಿಚಾರಣೆ ಆರಂಭವಾಯಿತೆಂದು ತೀರ್ಮಾನ. ನ್ಯಾಯಾಲಯದ ಒಂದು ಮೆಟ್ಟಿಲಿನಲ್ಲಿ ಮೂರು ಗೆರೆಗಳು. ತಕ್ಕ ಎಚ್ಚರವೆಂಬ ಪದದಲ್ಲಿ ತೊಡಕು ಇನ್ನೂ ಆಳವಾದುದು. ಅದು ಯಾರ ಎಚ್ಚರ? ಸಂಹಿತೆಯ ದೃಷ್ಟಿಯಲ್ಲಿ ಪಕ್ಷಗಾರನದು. ವಾದಪತ್ರಕ್ಕೆ ರುಜು ಹಾಕಿ, ಸತ್ಯವೆಂದು ದೃಢೀಕರಿಸಿ, ೨೦೦೨ರ ಬಳಿಕ ಪ್ರಮಾಣಪತ್ರವನ್ನೂ ಜೊತೆಗೆ ಕೊಡುವವನು ಅವನೇ. ಆದರೆ ವಾದಪತ್ರವನ್ನು ಅವನು ಬರೆಯುವುದಿಲ್ಲ. ಬಹುಮಟ್ಟಿಗೆ ಅದರ ಭಾಷೆಯೂ ಅವನದಲ್ಲ. ಕನ್ನಡದಲ್ಲಿದ್ದರೂ ಅದು ಸದರಿ, ಮಜಕೂರು, ಷೆಡ್ಯೂಲು, ಚಕ್ಕುಬಂದಿಗಳ ಕನ್ನಡ. ಮಿತಾಕ್ಷರೆಯು ಸಭ್ಯರ ಮೇಲೆ ಹೊರಿಸಿದ್ದ ಶೋಧನದ ಹೊಣೆಯನ್ನು ನಾವು ಅಕ್ಷರ ಬಾರದ ರೈತನ ಹೆಗಲಿಗೆ ವರ್ಗಾಯಿಸಿ, ಅವನು ಎಚ್ಚರವಾಗಿದ್ದನೇ ಎಂದು ವಿಚಾರಿಸುತ್ತಿದ್ದೇವೆ. ನನ್ನ ಆಕ್ಷೇಪಣೆಯ ತಿರುಳು ಇದು. ಗಡುವಿಗೆ ನನ್ನ ವಿರೋಧವಿಲ್ಲ. ವಿಜ್ಞಾನೇಶ್ವರನ ಗಡುವು ಇದಕ್ಕಿಂತ ಬಿಗಿ. ಗಡುವಿಗೆ ಮುಂಚೆ ನ್ಯಾಯಾಲಯವು ತಾನು ಮಾಡಬೇಕಾದ ಶೋಧನವನ್ನು ಮಾಡಿತೇ ಎಂಬ ಪ್ರಶ್ನೆಗೆ ಪರಂತುಕದಲ್ಲಿ ಸ್ಥಳವಿಲ್ಲ.

ಸಂಹಿತೆಯಲ್ಲೇ ಈ ಶೋಧನಕ್ಕೆ ಅವಕಾಶವಿಲ್ಲವೆಂದೇನೂ ಅಲ್ಲ. ಹತ್ತನೆಯ ಆದೇಶವು ಮೊದಲ ವಿಚಾರಣೆಯ ದಿನ ನ್ಯಾಯಾಧೀಶನು ಪಕ್ಷಗಾರರನ್ನು ಬಾಯ್ದೆರೆಯಾಗಿ ಕೇಳಿ, ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ನಿರಾಕರಿಸುತ್ತಾರೆ, ನಿಜವಾದ ವಿವಾದವೇನು ಎಂಬುದನ್ನು ಗೊತ್ತುಮಾಡಬೇಕೆಂದು ಹೇಳುತ್ತದೆ. ಇದು ಪಾಂಡುಲೇಖದ ಹಲಗೆಗೆ ಅತಿ ಸಮೀಪವಾದ ವಸ್ತು. ಕಡತಗಳ ಭಾರದಲ್ಲಿ ಅದು ಅಪರೂಪವಾಗಿದೆ. ಅಲ್ಲದೆ ಶಾಸನಸಭೆಯ ಮನಸ್ಸು ಎರಡಾಗಿದೆಯೆಂಬುದಕ್ಕೆ ಬೇರೊಂದು ಸಾಕ್ಷಿಯುಂಟು: ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೨೨ನೆಯ ಪ್ರಕರಣವು, ಕ್ರಯದ ಕರಾರಿನ ದಾವೆಯಲ್ಲಿ ಸ್ವಾಧೀನವನ್ನು ಕೇಳಲು ಮರೆತವನಿಗೆ ಯಾವ ಘಟ್ಟದಲ್ಲಾದರೂ ತಿದ್ದುಪಡಿಗೆ ಅವಕಾಶ ಕೊಡಬೇಕೆಂದು ವಿಧಿಸುತ್ತದೆ. ಕರಾರಿನ ದಾವೆಯ ವಾದಿಗೆ ಇರುವ ಮರೆವಿನ ಹಕ್ಕು ಗಡಿಯ ದಾವೆಯ ವಾದಿಗೆ ಏಕಿಲ್ಲ ಎಂಬುದಕ್ಕೆ ನನಗೆ ಸಮಾಧಾನಕರವಾದ ಉತ್ತರ ದೊರೆತಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಏಕೆ ತೀಕ್ಷ್ಣವಾಗಿದೆಯೆಂಬುದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಆದರೂ ಬಯಲುಸೀಮೆಯ ವಾಚಕರಿಗಾಗಿ ಎರಡು ಮಾತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಸಂಸಾರಗಳಿಗೆ ಶಿವಮೊಗ್ಗ ಸೀಮೆಯ ಕಾಡಿನಂಚಿನಲ್ಲಿ ಜಮೀನು ಕೊಟ್ಟರು. ಅಂಥ ಮಂಜೂರಾತಿಗಳಲ್ಲಿ ಅನೇಕವು ದೊಡ್ಡ ಸರ್ಕಾರಿ ಸರ್ವೆ ನಂಬರೊಂದರೊಳಗಿನ ತುಂಡುಗಳು. ಅಳೆದು ಪೋಡಿ ಮಾಡಿ ಹೊಸ ನಂಬರು ಕೊಡುವ ಕೆಲಸ ದಶಕಗಟ್ಟಲೆ ಹಿಂದೆ ಬಿದ್ದಿತು. ಹೀಗಿರಲಾಗಿ ದಾವೆ ಹೂಡುವ ದಿನ ಇದ್ದ ಸರ್ವೆ ನಂಬರು ಸಾಕ್ಷಿ ಹೇಳುವ ದಿನ ಇರುವುದಿಲ್ಲ. ಏಳನೆಯ ಆದೇಶದ ಮೂರನೆಯ ನಿಯಮವು ಸ್ಥಿರಾಸ್ತಿಯನ್ನು ಗುರುತಿಸಬಲ್ಲ ವಿವರವನ್ನು ಕೇಳುತ್ತದೆ. ಅದಿಲ್ಲದೆ ಡಿಕ್ರಿ ಸಿಕ್ಕರೂ ಅಮೀನನು ಹೊಲದ ಬದುವಿನ ಮೇಲೆ ನಿಂತು ಯಾವುದೆಂದು ಕೇಳಬೇಕಾಗುತ್ತದೆ. ಇನ್ನೊಂದು ಬಗೆಯ ತೊಡಕೂ ಸಾಮಾನ್ಯ. ಬೇಲಿ ಕಿತ್ತವನ ಮೇಲೆ ರೈತನು ಶಾಶ್ವತ ಪ್ರತಿಬಂಧಕಾಜ್ಞೆಯ ದಾವೆಯೊಂದನ್ನೇ ಹೂಡುತ್ತಾನೆ. ಪ್ರತಿವಾದಿಯು ಹಕ್ಕನ್ನೇ ನಿರಾಕರಿಸುತ್ತಾನೆ. ಹಕ್ಕಿನ ಮೇಲೆ ಮೋಡ ಕವಿದಾಗ ಹಕ್ಕಿನ ಘೋಷಣೆಯನ್ನೂ ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ಅನಾತುಲ ಸುಧಾಕರ್ ಮೊಕದ್ದಮೆಯಲ್ಲಿ ವಿಶದಪಡಿಸಿದೆ. ಆಗ ತಿದ್ದುಪಡಿಯೊಂದೇ ದಾರಿ. ಘೋಷಣೆಗೆ ವಾಯಿದೆ ಮೂರು ವರ್ಷ. ಈ ಮೂರು ವರ್ಷಗಳು ವಾಯಿದೆಯ ದಿನಗಳಲ್ಲೇ ಕಳೆದುಹೋಗುವುದು ಎಷ್ಟು ಸುಲಭವೆಂದು ಕೋರ್ಟಿನ ಆವರಣದ ಮರದಡಿಯಲ್ಲಿ ಒಂದು ಬೆಳಗ್ಗೆ ಕುಳಿತವರಿಗೆಲ್ಲ ಗೊತ್ತು.

ನನ್ನ ಸೋದರಮಾವನವರ ದಾವೆಯಲ್ಲಿ ಆದುದು ಇದಕ್ಕಿಂತ ಸರಳ. ಭದ್ರಾವತಿಯ ಬಳಿಯ ಅವರ ಒಂದೂಕಾಲು ಎಕರೆ ತೋಟದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳವೆಂದೂ ಪಶ್ಚಿಮಕ್ಕೆ ದಾರಿಯೆಂದೂ ಬರೆಯಬೇಕಾದುದು ಅದಲುಬದಲಾಗಿತ್ತು. ಹಳೆಯ ಕ್ರಯಪತ್ರದಿಂದ ನಕಲು ಮಾಡುವಾಗ ಯಾರೋ ತಪ್ಪಿದ್ದರು. ಯಾರೆಂದು ಹುಡುಕುವುದರಲ್ಲಿ ಅರ್ಥವಿಲ್ಲ. ಪಾಟೀಸವಾಲಿನ ದಿನ ಎದುರು ವಕೀಲರು, ನಿಮ್ಮ ತೋಟಕ್ಕೆ ಹಳ್ಳ ಯಾವ ಕಡೆ ಎಂದು ಕೇಳಿದರು. ಮ‌ಾವನವರು ಕೈಯೆತ್ತಿ ಪೂರ್ವದ ಕಡೆ ತೋರಿಸಿದರು. ಹುಟ್ಟಿದಾಗಿನಿಂದ ಆ ಹಳ್ಳದಲ್ಲಿ ಕೈಕಾಲು ತೊಳೆದವರು ಬೇರೆ ಏನು ಹೇಳಿಯಾರು? ತಿದ್ದುಪಡಿಯ ಅರ್ಜಿಗೆ ಎದುರು ಪಕ್ಷದ ತಕರಾರು ಒಂದೇ: ವಿಚಾರಣೆ ಆರಂಭವಾಗಿದೆ, ವಾದಿಗೆ ಎಚ್ಚರವಿರಲಿಲ್ಲ. ಅರ್ಜಿಯು ಮೊದಲು ವಜಾ ಆಯಿತು. ಸಂವಿಧಾನದ ೨೨೭ನೆಯ ಅನುಚ್ಛೇದದ ಕೆಳಗೆ ಬೆಂಗಳೂರಿನ ಉಚ್ಚ ನ್ಯಾಯಾಲಯದವರೆಗೆ ಹೋಗಿ, ಖರ್ಚಿನ ಷರತ್ತಿನ ಮೇಲೆ ಒಪ್ಪಿಗೆಯಾಯಿತು. ಪೂರ್ವ ಪಶ್ಚಿಮಗಳು ತಮ್ಮ ಸ್ಥಾನಕ್ಕೆ ಮರಳಲು ಎರಡು ವರ್ಷ ಹಿಡಿಯಿತು. ಅವರು ಸೋತರೆಂದು ನಾನು ಹೇಳುತ್ತಿಲ್ಲ. ಆ ಎರಡು ವರ್ಷ ತೋಟದ ಅಡಕೆ ಕೊಯ್ಯುವವರು ಯಾರೆಂಬುದು ತಿಳಿಯದೆ ಎರಡು ಮನೆಗಳೂ ಕಾದುವು.

ಎದುರು ಪಕ್ಷದ ಮಾತನ್ನೂ ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾದೀತು. ತಿದ್ದುಪಡಿಯನ್ನು ಆಯುಧವಾಗಿ ಬಳಸುವವರು ಇದ್ದಾರೆ. ಸಾಕ್ಷ್ಯವೆಲ್ಲ ಮುಗಿದ ಮೇಲೆ, ತಮ್ಮ ವಾದದಲ್ಲಿ ಕಂಡ ಬಿರುಕನ್ನು ಮುಚ್ಚಲು ಹೊಸ ಕಥೆ ಕಟ್ಟುವ ಅರ್ಜಿಗಳು ಕಡಮೆಯಿಲ್ಲ. ಒಮ್ಮೆ ಒಪ್ಪಿಕೊಂಡ ಮಾತನ್ನು ತಿದ್ದುಪಡಿಯ ನೆವದಿಂದ ಹಿಂತೆಗೆಯಲಾಗದೆಂದು ೧೯೭೬ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾಯಿತು. ನಮ್ಮ ರಾಜ್ಯದಿಂದ ಹೋದ ರೇವಾಜೀತು ಬಿಲ್ಡರ್ಸ್ ಮೊಕದ್ದಮೆಯಲ್ಲಿ, ೨೦೦೯ರಲ್ಲಿ, ದಾವೆಯ ಸ್ವರೂಪವನ್ನೇ ಬದಲಿಸುವ ತಿದ್ದುಪಡಿಯನ್ನು ನಿರಾಕರಿಸಿ, ಅನುಜ್ಞೆ ಕೊಡುವಾಗ ಗಮನಿಸಬೇಕಾದ ಅಂಶಗಳನ್ನು ನ್ಯಾಯಾಲಯವು ಎಣಿಸಿತು. ಕಾಲಕಳೆದು ಪ್ರತಿವಾದಿಗೆ ದಕ್ಕಿದ ರಕ್ಷಣೆಯನ್ನು ಕಿತ್ತುಕೊಳ್ಳುವುದು ಅವನಿಗೆ ಅನ್ಯಾಯವೇ ಸರಿ. ಖರ್ಚು ಕೊಡಿಸಿದ ಮಾತ್ರಕ್ಕೆ ಅದು ತುಂಬುವುದಿಲ್ಲ. ಬೋವೆನ್ನನ ತತ್ತ್ವದಲ್ಲಿ ನನಗೆ ಅತೃಪ್ತಿಯಿರುವುದು ಇಲ್ಲಿ. ಹಣವಂತ ವಾದಿಗೆ ಖರ್ಚೆಂಬುದು ದಂಡವಲ್ಲ, ಸುಂಕ. ಎದುರು ಪಕ್ಷದ ಬಡವನು ಇನ್ನೊಂದು ವರ್ಷ ಕೋರ್ಟಿಗೆ ನಡೆದು ಬರುವುದಕ್ಕೆ ನ್ಯಾಯಾಲಯಗಳು ಸಾಮಾನ್ಯವಾಗಿ ಗೊತ್ತುಮಾಡುವ ಮೊತ್ತವು ಬಸ್ಸಿನ ದರಕ್ಕೂ ಸಾಲದು.

೨೦೨೨ರ ಸೆಪ್ಟೆಂಬರಿನಲ್ಲಿ ಜೀವವಿಮಾ ನಿಗಮ ಮತ್ತು ಸಂಜೀವ್ ಬಿಲ್ಡರ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇವಲ ವಿಳಂಬವು ನಿರಾಕರಣೆಗೆ ಕಾರಣವಾಗದೆಂದು ಹೇಳಿ, ಮರಳಿ ಔದಾರ್ಯದ ಕಡೆಗೆ ವಾಲಿದೆ. ಒಂದು ದಶಕ ಬಿಗಿ, ಒಂದು ದಶಕ ಸಡಿಲ. ಪರಂತುಕದ ಅಕ್ಷರಗಳು ಮಾತ್ರ ಹಾಗೆಯೇ ಉಳಿದಿವೆ. ಹತ್ತನೆಯ ಆದೇಶವೂ ಹಾಗೆಯೇ ಉಳಿದಿದೆ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ೧೯೫೧ರ ಕಾಗೋಡು ಸತ್ಯಾಗ್ರಹದ ಜಿಲ್ಲೆ ಇದು. ಗೇಣಿದಾರರ ಹೋರಾಟದ ಮೇಲೆ ನಮ್ಮಲ್ಲಿ ಬರಹಗಳು ಬೇಕಾದಷ್ಟಿವೆ. ಆದರೆ ೧೯೭೪ರ ಭೂಸುಧಾರಣೆಯ ಬಳಿಕ ಗೇಣಿದಾರರು ಭೂನ್ಯಾಯಮಂಡಲಿಗಳಿಗೆ ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಗಳನ್ನು, ಅವುಗಳಲ್ಲಿ ಆದ ತಿದ್ದುಪಡಿಗಳ ದೃಷ್ಟಿಯಿಂದ ಓದಿದ ಪ್ರಬಂಧವೊಂದನ್ನು ನಾನು ಇನ್ನೂ ಕಂಡಿಲ್ಲ. ಅರ್ಜಿಗೆ ೧೯೭೯ರ ಜೂನ್ ೩೦ ಕೊನೆಯ ದಿನವಾಗಿತ್ತು. ಬರೆಯುವಾಗ ತಪ್ಪಿದ ನಂಬರನ್ನು ಆ ದಿನದ ಮೇಲೆ ತಿದ್ದುವುದು ಬೇರೆ, ಬಿಟ್ಟುಹೋದ ಇನ್ನೊಂದು ತುಂಡು ಗದ್ದೆಯನ್ನು ಸೇರಿಸುವುದು ಬೇರೆ. ಉಳುವವನ ದೃಷ್ಟಿಯಲ್ಲಿ ಮಾತ್ರ ಎರಡೂ ಅವನು ಉತ್ತ ನೆಲವೇ. ಅಂಥ ಕಡತ ಸಿಕ್ಕಿದಾಗ ಕೊನೆಯ ಆಜ್ಞೆಯ ಪುಟಕ್ಕೆ ಹಾರಬೇಡಿರಿ. ಮೊದಲ ಪುಟದಲ್ಲಿ ಹೊಡೆದುಹಾಕಿದ ಸಾಲಿನ ಕೆಳಗೆ ಇರುವ ನಂಬರನ್ನು ಬೆಳಕಿಗೆ ಹಿಡಿದು ಓದಿರಿ, ಅದರ ಪಕ್ಕದ ಕಿರುರುಜು ಯಾರದು, ದಿನಾಂಕ ಯಾವುದು ಎಂಬುದನ್ನು ಗುರುತುಹಾಕಿಕೊಳ್ಳಿರಿ. ರುಜುವಿನ ಬದಲು ಹೆಬ್ಬೆಟ್ಟಿನ ಗುರುತಿದ್ದರೆ ಅದನ್ನೂ ಬರೆದುಕೊಳ್ಳಿರಿ.